ಹಾಜರಿ ಪುಸ್ತಕದ ಅತ್ತೆ

ಸತ್ತವಳ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದ ಮೇಲೆಯೇ ಅವಳ ದಿನ ಶುರುವಾಗುತ್ತಿತ್ತು.

ಕಟ್ಟಡಕ್ಕೆ ಎರಡು ಬಾಗಿಲು. ಮುಂದಿನದು ಕಾಗದ ಹಿಡಿದು ಬರುವವರಿಗೆ, ಹಿಂದಿನದು ಬಕೆಟ್ಟು ಹಿಡಿದು ಬರುವವರಿಗೆ. ಹಿಂದಿನ ಬಾಗಿಲಿನಿಂದ ಒಳಗೆ ಬಂದರೆ ಮೆಟ್ಟಿಲ ಕೆಳಗೊಂದು ಗೂಡು. ಅಲ್ಲಿ ಪೊರಕೆ, ಮಾಪು, ಫಿನಾಯಿಲ್ ಡಬ್ಬ, ಆಸಿಡ್ ಬಾಟಲಿ, ಮೊಳೆಗೆ ದಾರ ಕಟ್ಟಿ ನೇತುಹಾಕಿದ ಹಾಜರಿ ಪುಸ್ತಕ. ಅವಳು ಹೆಬ್ಬೆರಳನ್ನು ಮಸಿಗೆ ಒತ್ತಿ, ಅತ್ತೆಯ ಹೆಸರಿನ ಮುಂದೆ ಒಂದು ಗುರುತು ಮಾಡಿ, ಬೆರಳನ್ನು ಹಳೆಯ ಬಟ್ಟೆಗೆ ಒರೆಸಿಕೊಂಡು ಬಕೆಟ್ಟು ಎತ್ತುವಳು. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಅದು ದಾಖಲೆಗಳನ್ನು ದೃಢೀಕರಿಸುವ ಕಚೇರಿ. ಹುಟ್ಟಿದ್ದು, ಸತ್ತಿದ್ದು, ಮದುವೆಯಾಗಿದ್ದು, ಓದಿದ್ದು, ದುಡಿದಿದ್ದು, ಎಲ್ಲಕ್ಕೂ ಇಲ್ಲಿಯ ಗುಂಡು ಸೀಲು ಬೀಳಬೇಕು. ಹೊರದೇಶಕ್ಕೆ ಹೋಗುವವರಂತೂ ಬೆಳಗಾಗುವ ಮೊದಲೇ ಬಂದು ಸಾಲು ಹಿಡಿಯುತ್ತಿದ್ದರು. ಇಲ್ಲಿಯ ಸೀಲಿಲ್ಲದೆ ಯಾರೂ ಯಾರಿಗೂ ಮಗನಲ್ಲ, ಹೆಂಡತಿಯಲ್ಲ. ಅಷ್ಟು ಜನ ಗಂಟೆಗಟ್ಟಲೆ ನಿಂತ ಮೇಲೆ ಅವರಿಗೂ ಹೊಟ್ಟೆ ಇರುತ್ತದೆ, ಮೂತ್ರಕೋಶ ಇರುತ್ತದೆ. ಮೂರು ಮಹಡಿ, ಹನ್ನೆರಡು ಕಕ್ಕಸು. ಮೇಲಿನ ಎರಡು ಮಹಡಿಗೆ ಮಧ್ಯಾಹ್ನದ ಹೊತ್ತಿಗೆ ನೀರು ಏರುವುದಿಲ್ಲ. ಕೆಳಗಿನಿಂದ ಬಕೆಟ್ಟಿನಲ್ಲಿ ಹೊರಬೇಕು. ಅವಳ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಆಸಿಡ್ಡಿಗೆ ಉಗುರುಗಳು ಹಳದಿಯಾಗಿ, ತುದಿಯಲ್ಲಿ ಸೀಳಿ, ಯಾವ ಬಟ್ಟೆ ಮುಟ್ಟಿದರೂ ದಾರ ಎಳೆಯುತ್ತಿದ್ದವು.

ಅಲ್ಲಿಯವರು ಅವಳನ್ನು ಅಜ್ಜಿ ಎಂದು ಕರೆಯುತ್ತಿದ್ದರು. ಅವಳಿಗೆ ನಲವತ್ತಮೂರು. ಪುಸ್ತಕದ ಲೆಕ್ಕದಲ್ಲಿ ಅರವತ್ತೊಂಬತ್ತು. ಗುಮಾಸ್ತರಿಗೆ ಅದೊಂದು ದೊಡ್ಡ ತಮಾಷೆ. "ಅಜ್ಜಿ, ಈ ವಯಸ್ಸಲ್ಲೂ ಏನ್ ಚುರುಕು!" ಎಂದು ಒಬ್ಬ, "ಅಜ್ಜಿ, ಕೂದಲು ಕಪ್ಪಗಾಗೋಕೆ ಏನ್ ಹಚ್ತೀಯ?" ಎಂದು ಇನ್ನೊಬ್ಬ. ಈ ಕಥೆ ಅವಳನ್ನು ಹಾಗೆ ಕರೆಯುವುದಿಲ್ಲ. ಅವಳು ಒಬ್ಬ ಹುಡುಗಿಯ ತಾಯಿ. ಅಷ್ಟನ್ನು ಕಾಗದದ ಮೇಲೆ ತರುವುದಕ್ಕೆ ಅವಳು ಪಟ್ಟ ಪಾಡೇ ಇಲ್ಲಿಯ ಸಂಗತಿ.

ಅತ್ತೆ ಸತ್ತಿದ್ದು ಇದೇ ಕಟ್ಟಡದಲ್ಲಿ. ಎರಡನೇ ಮಹಡಿಯ ಕಿಟಕಿಯಿಲ್ಲದ ಕಕ್ಕಸಿನಲ್ಲಿ ಆಸಿಡ್ ಸುರಿದು ಉಜ್ಜುವಾಗ ಹೊಗೆ ಕುಡಿದು ಬಿದ್ದಳು. ಮಧ್ಯಾಹ್ನದವರೆಗೆ ಯಾರೂ ನೋಡಲಿಲ್ಲ. ನೋಡಿದ ಮೇಲೆ ಆಸ್ಪತ್ರೆಗೆ ಒಯ್ಯಲಿಲ್ಲ. ಗುತ್ತಿಗೆದಾರ ತನ್ನ ವ್ಯಾನಿನಲ್ಲಿ ಹಾಕಿಕೊಂಡು ಮನೆಗೆ ತಂದ. "ಸುಸ್ತಾಗಿದೆ, ಮಲಗಿಸಿ" ಎಂದ. ಸೊಸೆ ಕಾಲು ಮುಟ್ಟಿ ನೋಡಿದಳು. ಕಾಲು ಆಗಲೇ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮರುದಿನ ಗುತ್ತಿಗೆದಾರ ಮತ್ತೆ ಬಂದ. ತುಂಬ ಒಳ್ಳೆಯವನ ಹಾಗೆ ನೆಲದ ಮೇಲೇ ಕೂತ. "ನೋಡಮ್ಮ, ಸಾವು ಬರೆಸೋಕೆ ಹೋದ್ರೆ ಈ ಕೆಲಸಾನೂ ಹೋಗುತ್ತೆ. ಹೊಸಬರನ್ನ ತಗೋಬೇಕಂದ್ರೆ ಮೇಲಿನಿಂದ ಮಂಜೂರಾತಿ ಬೇಕು. ಅದು ಬರೋ ಹೊತ್ತಿಗೆ ನಿಮ್ಮ ಒಲೆ ಆರಿರುತ್ತೆ. ಅತ್ತೆ ಜಾಗದಲ್ಲಿ ನೀನು ಬಾ. ಅದೇ ಹೆಸರು, ಅದೇ ಹೆಬ್ಬೆಟ್ಟು. ಯಾರು ಕೇಳ್ತಾರೆ?" ಎಂದ. ಗಂಡ ತಲೆಯಾಡಿಸಿದ. ಅವಳೂ ಆಡಿಸಿದಳು. ಮನೆಯಲ್ಲಿ ಹತ್ತು ವರ್ಷದ ಮಗಳಿದ್ದಳು. ಅವರಿಬ್ಬರಿಗೂ ಅದು ಉಪಕಾರದ ಹಾಗೇ ಕಂಡಿತು. ಅವನು ತನ್ನ ಕುತ್ತಿಗೆ ಉಳಿಸಿಕೊಳ್ಳುತ್ತಿದ್ದಾನೆ ಎಂಬುದು ಹೊಳೆಯಲಿಲ್ಲ.

ಅವಳು ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ್ದಳು. ನಿಧಾನವಾಗಿ ಓದುತ್ತಿದ್ದಳು, ತನ್ನ ಹೆಸರನ್ನು ಚೆಂದವಾಗಿ ಬರೆಯುತ್ತಿದ್ದಳು. ಆದರೆ ಅತ್ತೆ ಹೆಬ್ಬೆಟ್ಟಿನವಳು. ಹಾಗಾಗಿ ಸೊಸೆಯೂ ಹೆಬ್ಬೆಟ್ಟಿನವಳಾದಳು. ಅಕ್ಷರ ಬರುತ್ತದೆ ಎಂದು ಆ ಕಚೇರಿಯಲ್ಲಿ ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಗಂಡ ಆರು ವರ್ಷದ ಹಿಂದೆ ತೀರಿಕೊಂಡ. ಮಗಳು ಬೆಳೆದು, ಏಜೆಂಟನ ಮಾತು ನಂಬಿ, ಹೊರದೇಶದ ಒಂದು ಮನೆಗೆ ಕೆಲಸಕ್ಕೆ ಹೋದಳು. ಏಜೆಂಟ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದ. ಕೊನೆಯ ಗಳಿಗೆಯಲ್ಲಿ ತಾಯಿಯ ಕೈ ತಿರುಗಿಸಿ ನೋಡಿ, "ಈ ಕೈ ಆ ಮನೆಗಳಿಗೆ ನಡೆಯಲ್ಲ" ಎಂದು ಅವಳನ್ನು ಬಿಟ್ಟ. ಪಾಸ್‌ಪೋರ್ಟು ಮಾತ್ರ ಉಳಿಯಿತು. ಅದರಲ್ಲಿ ಅವಳ ಸ್ವಂತ ಹೆಸರಿತ್ತು, ಅವಳ ಸ್ವಂತ ವಯಸ್ಸಿತ್ತು.

ಆ ಸೋಮವಾರ ಮೊದಲ ಮಹಡಿಯ ಮೆಟ್ಟಿಲು ಒರೆಸುವಾಗ ಫೋನು ಬಂತು. ದೂರದ ಆಸ್ಪತ್ರೆಯ ನರ್ಸು. ನಮ್ಮ ಭಾಷೆಯವಳೇ.

"ನಿಮ್ಮ ಮಗಳು ಬಿದ್ದಿದ್ದಾಳಮ್ಮ. ಹತ್ತು ದಿನ ಆಯ್ತು. ಸೊಂಟದ ಮೂಳೆ ಮುರಿದಿದೆ. ಜೀವಕ್ಕೇನೂ ತೊಂದರೆ ಇಲ್ಲ, ಗಾಬರಿ ಆಗ್ಬೇಡಿ. ಆದ್ರೆ ಕೆಲಸದ ಮನೆಯವರು ಬಂದು ಒಂದು ಕಾಗದಕ್ಕೆ ಸೈನ್ ಹಾಕು ಅಂತ ದಿನಾ ಕೂತಿರ್ತಾರೆ."

"ಯಾವ ಕಾಗದ?"

"ಮನೆ ಬಿಟ್ಟು ಓಡಿಹೋಗೋಕೆ ಕಿಟಕಿಯಿಂದ ತಾನೇ ಹಾರಿದೆ ಅಂತ. ಅದಕ್ಕೆ ಸೈನ್ ಬಿದ್ರೆ ಅವರದ್ದೇನೂ ಜವಾಬ್ದಾರಿ ಇಲ್ಲ. ಸ್ಟ್ರೆಚರ್ ಸಮೇತ ವಿಮಾನಕ್ಕೆ ಹಾಕಿ ಕಳಿಸಿಬಿಡ್ತಾರೆ. ಇವಳು ಒಬ್ಬಳೇ, ಭಾಷೆ ಬರಲ್ಲ. ತನ್ನವರು ಅಂತ ಯಾರಾದ್ರೂ ಬಂದು ಪಕ್ಕದಲ್ಲಿ ನಿಂತ್ರೆ ಆಸ್ಪತ್ರೆಯವರೂ ಮಾತು ಕೇಳ್ತಾರೆ. ಬೇಗ ಬನ್ನಿ."

ಆಮೇಲೆ ಮಗಳ ದನಿ. ಬಾಯಿಗೆ ಬಟ್ಟೆ ಅಡ್ಡ ಇಟ್ಟ ಹಾಗೆ ಸಣ್ಣಗೆ. "ಅಮ್ಮ, ನಾಲ್ಕನೇ ಮಹಡಿ ಕಿಟಕಿ ಗಾಜು ಹೊರಗಿನಿಂದ ಒರೆಸು ಅಂದ್ರು. ನಿಂತ್ಕೊಳ್ಳೋಕೆ ಒಂದು ಗೇಣು ಜಾಗ. ಜಾರಿದೆ. ನಾನು ಹಾರಿಲ್ಲಮ್ಮ. ನೀನು ಬರೋವರೆಗೂ ಸೈನ್ ಹಾಕಲ್ಲ. ಬರ್ತೀಯ ತಾನೇ?"

"ಬರ್ತೀನಿ ಕಂದ. ಬಂದೇ ಬರ್ತೀನಿ."

ಅರ್ಧ ದಿನ ರಜೆ ಕೇಳಿ ವೀಸಾ ಕೇಂದ್ರಕ್ಕೆ ಓಡಿದಳು. ಅಲ್ಲಿಯ ಹುಡುಗಿ ಕಂಪ್ಯೂಟರಿನಿಂದ ಮುಖ ಎತ್ತದೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದಳು. ಬರುವಾಗ ಎರಡು ಕಾಗದ ತರಬೇಕು. ಮಗಳ ಜನನ ಪತ್ರದ ದೃಢೀಕರಿಸಿದ ಪ್ರತಿ ಒಂದು. ಕೆಲಸ ಮಾಡುವ ಕಡೆಯಿಂದ ಪತ್ರ ಇನ್ನೊಂದು. ಇವರು ನಮ್ಮಲ್ಲಿ ಇಷ್ಟು ವರ್ಷದಿಂದ ಇದ್ದಾರೆ, ಇಷ್ಟು ದಿನ ರಜೆ ಕೊಟ್ಟಿದ್ದೇವೆ, ವಾಪಸ್ ಬರುತ್ತಾರೆ ಎಂದು ಅದರಲ್ಲಿರಬೇಕು. ಎರಡಕ್ಕೂ ಗುಂಡು ಸೀಲು.

"ಕೆಲಸದ ಪತ್ರ ಇಲ್ದಿದ್ರೆ?"

"ಅರ್ಜಿನೇ ತಗೊಳ್ಳಲ್ಲ. ನಿಮ್ಮಂಥವರು ಹೋದ್ರೆ ಅಲ್ಲೇ ಉಳಿದುಬಿಡ್ತೀರ ಅಂತಾರೆ. ನೆಕ್ಸ್ಟ್."

ಗುಂಡು ಸೀಲು ಎಂದೊಡನೆ ಅವಳಿಗೆ ಧೈರ್ಯ ಬಂದಿತ್ತು. ಆ ಸೀಲಿರುವ ಟೇಬಲನ್ನು ದಿನಾ ಒರೆಸುವವಳು ತಾನೇ ಅಲ್ಲವೇ? ಪಾಪ, ಹಾಗೆಂದುಕೊಂಡಳು.

ಜನನ ಪತ್ರ ಮಂಗಳವಾರ ಬೆಳಿಗ್ಗೆಯೇ ಆಯಿತು. ಮೂರನೇ ಕಿಟಕಿಯ ಗುಮಾಸ್ತ, "ಏನಜ್ಜಿ, ಮೊಮ್ಮಗಳದ್ದಾ?" ಎಂದ. "ಮಗಳದ್ದು" ಎಂದಳು. "ಈ ವಯಸ್ಸಿಗೆ ಇಪ್ಪತ್ತೊಂದರ ಮಗಳು! ಭಲೇ ಅಜ್ಜಿ" ಎಂದು ಪಕ್ಕದವನಿಗೆ ಕಣ್ಣು ಹೊಡೆದು ಸೀಲು ಕುಟ್ಟಿದ. ಅವನು ಹೆಸರು ಕೂಡ ನೋಡಲಿಲ್ಲ.

ಕೆಲಸದ ಪತ್ರಕ್ಕೆ ಎರಡನೇ ಮಹಡಿಯ ಸೂಪರಿಂಟೆಂಡೆಂಟನ ಕೋಣೆಗೆ ಹೋಗಬೇಕು. ಒಂಬತ್ತು ವರ್ಷದಿಂದ ಅವನು ಅಲ್ಲಿದ್ದ. ತಿಂಗಳಿಗೊಮ್ಮೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವನೂ ಅವನೇ. ಅವಳು ಬಾಗಿಲಲ್ಲಿ ನಿಂತು ವಿಷಯವೆಲ್ಲ ಹೇಳಿದಳು. ಅವನು ಪಾಸ್‌ಪೋರ್ಟ್ ತಿರುವಿ ನೋಡಿದ. ಮೊದಲು ನಕ್ಕ.

"ಈ ಹೆಸರಿನವರು ಯಾರೂ ನಮ್ಮಲ್ಲಿ ಕೆಲಸಕ್ಕಿಲ್ವಲ್ಲಮ್ಮ."

"ನಾನೇ ಸಾರ್. ನಿಮ್ಮ ಮುಂದೆ ನಿಂತಿದ್ದೀನಲ್ಲ."

"ನೀನಿದ್ದೀಯ. ಆದ್ರೆ ನೀನು ನಿಮ್ಮತ್ತೆ. ದಾಖಲೆ ಪ್ರಕಾರ ಈ ಹುಡುಗಿಗೆ ನೀನು ಅಜ್ಜಿ ಆಗ್ಬೇಕು. ಅಮ್ಮ ಅಂತ ನಾನು ಹೆಂಗೆ ಬರೀಲಿ?"

"ನಿಮಗೆ ಗೊತ್ತಿದ್ದದ್ದೇ ಅಲ್ವಾ ಸಾರ್."

ಅಲ್ಲಿಗೆ ಅವನ ನಗು ನಿಂತಿತು. ಗೊತ್ತಿದ್ದದ್ದೇ ಎಂಬ ಮಾತು ಅವನಿಗೆ ತಾಗಿತು. ಬಾಗಿಲು ಹಾಕಲು ಹೇಳಿದ. ಗುತ್ತಿಗೆದಾರನಿಗೆ ಫೋನು ಮಾಡಿ ಕರೆಸಿದ. ಅವನು ಬರುವವರೆಗೆ ಅವಳು ನಿಂತಿದ್ದಳು. ಬಂದ ಮೇಲೆ ಸೂಪರಿಂಟೆಂಡೆಂಟ್ ತನ್ನ ಕೋಣೆಗೆ ಅಂಟಿದ ಬಚ್ಚಲಿನ ಕಡೆ ಗದ್ದದಿಂದ ತೋರಿಸಿದ.

"ನಾವು ಸ್ವಲ್ಪ ಮಾತಾಡ್ತೀವಿ. ಅಲ್ಲಿವರೆಗೆ ಒಳಗಡೆ ತೊಳೆದುಬಿಡು. ಬೆಳಿಗ್ಗೆಯಿಂದ ವಾಸನೆ."

ತನ್ನ ಹಣೆಬರಹವನ್ನು ಇಬ್ಬರು ಗಂಡಸರು ಹೊರಗೆ ಕೂತು ತೀರ್ಮಾನಿಸುತ್ತಿದ್ದಾಗ ಅವಳು ಮಂಡಿಯೂರಿ ಸೂಪರಿಂಟೆಂಡೆಂಟನ ಕಕ್ಕಸು ಉಜ್ಜಿದಳು. ಅಂಚಿಗೆ ಒಣಗಿ ಹಿಡಿದದ್ದು ಬ್ರಷ್ಷಿಗೆ ಬರುವುದಿಲ್ಲ, ಉಗುರಿನಿಂದಲೇ ಕೆರೆಯಬೇಕು. ಕೆರೆದಳು. ನೀರಿನ ಸದ್ದಿನ ನಡುವೆ ಹೊರಗಿನ ಮಾತು ತುಂಡು ತುಂಡಾಗಿ ಬರುತ್ತಿತ್ತು. "ಒಂಬತ್ತು ವರ್ಷ ನನ್ನ ಸಹಿ ಇದೆ ಕಣಯ್ಯ." "ನಾನಿಲ್ವಾ ಸಾರ್." "ನಾಳೆ ಯಾರಾದ್ರೂ ಕೇಳಿದ್ರೆ?" "ಹೆಬ್ಬೆಟ್ಟಿನ ಹೆಂಗಸು ಸಾರ್. ಒತ್ತು ಅಂದಲ್ಲಿ ಒತ್ತುತ್ತೆ."

ಅವಳು ಹೊರಗೆ ಬಂದಾಗ ಇಬ್ಬರ ಮುಖವೂ ಹಗುರವಾಗಿತ್ತು. "ನಾಳೆ ಹನ್ನೊಂದಕ್ಕೆ ಬಾ. ಪತ್ರ ರೆಡಿ ಇರುತ್ತೆ" ಎಂದ ಸೂಪರಿಂಟೆಂಡೆಂಟ್. ಕೈಮುಗಿದು ಬಕೆಟ್ಟು ಎತ್ತಿಕೊಂಡಳು. ಆ ದಿನವೆಲ್ಲ ಅವಳಿಗೆ ಭುಜ ನೋಯಲಿಲ್ಲ.

ಬುಧವಾರ ಹೋದಾಗ ಅವಳಿಗಾಗಿ ಕುರ್ಚಿ ಹಾಕಿದ್ದರು.

ಕುರ್ಚಿ ನೋಡಿ ಅವಳು ಬಾಗಿಲಲ್ಲೇ ನಿಂತಳು. ಆ ಕುರ್ಚಿಯನ್ನು ಹನ್ನೊಂದು ವರ್ಷ ಒರೆಸಿದ್ದಳು, ಒಂದು ದಿನವೂ ಅದರ ಮೇಲೆ ಕೂತವಳಲ್ಲ. "ಕೂತ್ಕೋಮ್ಮ, ಕೂತ್ಕೋ" ಎಂದ ಗುತ್ತಿಗೆದಾರ. ಅವಳು ಅಂಚಿನಲ್ಲಿ ಕೂತಳು. ಟೀ ಕೂಡ ಬಂತು, ಗಾಜಿನ ಲೋಟದಲ್ಲಿ.

ಟೇಬಲ್ಲಿನ ಮೇಲೆ ಎರಡು ಕಾಗದ. ಒಂದು ಸೂಪರಿಂಟೆಂಡೆಂಟನ ಕೈಯ ಕೆಳಗಿತ್ತು. ಅದಕ್ಕೆ ಗುಂಡು ಸೀಲು ಬಿದ್ದಿತ್ತು. ಅವಳ ಸ್ವಂತ ಹೆಸರು ಅದರಲ್ಲಿತ್ತು, ತಲೆಕೆಳಗಾಗಿದ್ದರೂ ಅವಳು ಗುರುತು ಹಿಡಿದಳು. ಇನ್ನೊಂದನ್ನು ಗುತ್ತಿಗೆದಾರ ಅವಳ ಮುಂದೆ ಸರಿಸಿ ಪಕ್ಕದಲ್ಲಿ ಮಸಿಯ ಪ್ಯಾಡು ಇಟ್ಟ.

"ಇದು ನಿನ್ನ ರಜೆ ಅರ್ಜಿ. ಇಲ್ಲಿ ಒತ್ತು. ಆ ಪತ್ರ ತಗೊಂಡು ಹೋಗು. ಮಗಳನ್ನ ನೋಡ್ಕೊಂಡು ಬಾ."

ಅವಳ ಹೆಬ್ಬೆರಳು ಅಭ್ಯಾಸದ ಮೇಲೆ ಪ್ಯಾಡಿಗೆ ಹೋಯಿತು. ಮಸಿ ಹತ್ತಿತು. ಕೈ ಕಾಗದದ ಮೇಲೆ ಬರುವ ಹೊತ್ತಿಗೆ ಕಣ್ಣು ಮೊದಲ ಸಾಲಿನ ಮೇಲೆ ಬಿತ್ತು. ರಜೆ ಎಂಬ ಎರಡಕ್ಷರ ಅಲ್ಲೆಲ್ಲೂ ಇರಲಿಲ್ಲ. ಅವಳು ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದು ಓದತೊಡಗಿದಳು. ಮಕ್ಕಳು ಓದುವ ಹಾಗೆ, ಬಾಯಿಬಿಟ್ಟು, ಒಂದೊಂದೇ ಪದ.

"ನನ್ನ... ಅತ್ತೆ... ತೀರಿಕೊಂಡ ವಿಷಯವನ್ನು... ಮುಚ್ಚಿಟ್ಟು..."

"ಏಯ್, ಇದಕ್ಕೆ ಓದೋಕೆ ಬರುತ್ತೆ!" ಎಂದ ಗುತ್ತಿಗೆದಾರ. ನಾಯಿ ಮಾತಾಡಿದ್ದನ್ನು ಕೇಳಿದವನ ಹಾಗಿತ್ತು ಅವನ ಮುಖ.

ಅವಳು ನಿಲ್ಲಿಸಲಿಲ್ಲ. "ಅವರ ಹೆಸರಿನಲ್ಲಿ... ಕೆಲಸ ಮಾಡಿ... ಕಚೇರಿಗೂ ಗುತ್ತಿಗೆದಾರರಿಗೂ... ಹನ್ನೊಂದು ವರ್ಷ... ಮೋಸ ಮಾಡಿದ್ದೇನೆ. ಇದು... ಯಾರಿಗೂ ತಿಳಿದಿರಲಿಲ್ಲ. ಅತ್ತೆಯವರು... ಮನೆಯಲ್ಲಿ... ಕಾಯಿಲೆಯಿಂದ... ಸಹಜವಾಗಿ ತೀರಿಕೊಂಡರು. ತಪ್ಪೆಲ್ಲ... ನನ್ನದೇ."

ಸೂಪರಿಂಟೆಂಡೆಂಟ್ ಕುರ್ಚಿ ಮುಂದಕ್ಕೆಳೆದುಕೊಂಡ.

"ನೋಡಮ್ಮ. ಓದಿದ್ದು ಒಳ್ಳೇದೇ ಆಯ್ತು, ಮುಚ್ಚುಮರೆ ಯಾಕೆ? ಇದು ನಮ್ಮ ಫೈಲಿಗೆ ಮಾತ್ರ. ನಿನ್ನ ಹೆಸರಲ್ಲಿ ನಾನು ಪತ್ರ ಕೊಡ್ಬೇಕಂದ್ರೆ ನನಗೂ ಒಂದು ಆಧಾರ ಬೇಕಲ್ಲ. ನಿನ್ನ ಮೇಲೆ ಯಾರೂ ಕೇಸ್ ಹಾಕಲ್ಲ."

"ಹಾಕಿದ್ರೆ?"

"ನಾನಿದ್ದೀನಲ್ಲ."

"ಮಗಳು ಮುಖ್ಯನೋ ಇದು ಮುಖ್ಯನೋ?" ಎಂದ ಗುತ್ತಿಗೆದಾರ. "ಒತ್ತಮ್ಮ. ಶುಕ್ರವಾರ ದೂರ ಇಲ್ಲ."

ಇಲ್ಲಿ ಒಂದು ಮಾತು ಹೇಳಲೇಬೇಕು. ಅವಳು ಒತ್ತಬೇಕೆಂದೇ ಇದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಸೊಂಟ ಮುರಿದುಕೊಂಡು ಬಿದ್ದಿರುವಾಗ ಮಾನ ಯಾರಿಗೆ ಬೇಕು? ಕಳ್ಳಿ ಎಂದಿದ್ದರೂ ಒತ್ತುತ್ತಿದ್ದಳು. ಬೆರಳು ಕಾಗದಕ್ಕೆ ಒಂದಂಗುಲ ದೂರವಿತ್ತು. ಆಗ ಅವಳಿಗೆ ಆ ದೂರದ ವಾರ್ಡು ಕಣ್ಣಿಗೆ ಕಟ್ಟಿತು. ಅಲ್ಲಿಯೂ ಹೀಗೇ ಒಂದು ಕಾಗದ, ಹೀಗೇ ಮೆತ್ತಗೆ ಮಾತಾಡುವ ಒಬ್ಬ. ತಪ್ಪೆಲ್ಲ ನನ್ನದೇ ಎಂಬ ಇದೇ ಸಾಲು. ಇಲ್ಲಿ ಇದನ್ನು ಒತ್ತಿ ಅಲ್ಲಿಗೆ ಹೋದರೆ, ಮಗಳ ಮಂಚದ ಪಕ್ಕ ನಿಂತು ಸೈನ್ ಹಾಕಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಅತ್ತೆ ಬಿದ್ದದ್ದನ್ನು ಕಾಯಿಲೆ ಎಂದು ಒಪ್ಪಿಕೊಂಡವಳು, ಮಗಳು ಬಿದ್ದದ್ದನ್ನು ಬಿದ್ದದ್ದೇ ಎಂದು ಹೇಗೆ ಸಾಧಿಸಲಿ?

ಅವಳು ಮಸಿಯ ಬೆರಳನ್ನು ಆ ಟೇಬಲ್ಲಿನ ಹಸಿರು ಬಟ್ಟೆಗೆ ಒರೆಸಿದಳು. ನಿಧಾನವಾಗಿ, ಎರಡು ಸಲ.

"ಒತ್ತಲ್ಲ."

"ಏನಂದೆ?"

"ಒತ್ತಲ್ಲ ಅಂದೆ. ಅತ್ತೆ ಮನೆಯಲ್ಲಿ ಸಾಯ್ಲಿಲ್ಲ. ಈ ಗೋಡೆ ಆಚೆ ಸತ್ತಳು. ನಾನು ಮೋಸ ಮಾಡ್ಲಿಲ್ಲ. ನೀವು ಮಾಡಿಸಿದ್ರಿ. ಬೇಕಾದ್ರೆ ಹಾಗೆ ಬರೀರಿ, ಒತ್ತೋದೇನು, ಸೈನೇ ಹಾಕ್ತೀನಿ."

ಸೂಪರಿಂಟೆಂಡೆಂಟನ ಮೆದುಮಾತು ಅಲ್ಲಿಗೆ ಮುಗಿಯಿತು. ಎದ್ದು ನಿಂತ. "ಕಕ್ಕಸು ತೊಳೆಯೋಳಿಗೆ ಎಷ್ಟು ಸೊಕ್ಕು! ಕುರ್ಚಿ ಕೊಟ್ಟಿದ್ದೇ ತಪ್ಪಾಯ್ತು. ಇನ್ನೊಬ್ಬರ ಹೆಸರಲ್ಲಿ ಸಂಬಳ ತಿಂದಿದ್ದೀಯ. ಒಂದು ಫೋನ್ ಮಾಡಿದ್ರೆ ಒಳಗೆ ಹೋಗ್ತೀಯ, ಗೊತ್ತಾ?" ಎಂದು ಸೀಲು ಬಿದ್ದ ಪತ್ರವನ್ನು ಅವಳ ಕಣ್ಣೆದುರೇ ಹರಿದ. ಮೊದಲು ಎರಡು ತುಂಡು, ಆಮೇಲೆ ನಾಲ್ಕು. ಅವಳ ಹೆಸರಿದ್ದ ಚೂರು ಟೀ ಲೋಟದ ಪಕ್ಕ ಬಿತ್ತು.

"ಹೋಗು. ಎರಡನೇ ಮಹಡಿ ಗಬ್ಬು ನಾರ್ತಿದೆ."

ಅವಳು ಹೊರಗೆ ಬಂದಳು. ಒತ್ತಲ್ಲ ಎಂದದ್ದರಲ್ಲಿ ಬರೀ ಧೈರ್ಯವಿರಲಿಲ್ಲ, ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು. ಮಗಳೇ, ನಿನ್ನ ಪತ್ರ ಹರಿದುಹೋಯಿತಲ್ಲೇ ಎಂದು ಮೆಟ್ಟಿಲ ಮೇಲೆ ಕೂತು ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಹತ್ತುವವರು ಇಳಿಯುವವರು ದಾಟಿಕೊಂಡು ಹೋದರು. ಒಬ್ಬ, "ಇಲ್ಲಿ ಒದ್ದೆಯಿದೆ, ಒರೆಸಮ್ಮ" ಎಂದ.

ಎದ್ದಳು. ಮಾಪು ತೆಗೆದುಕೊಳ್ಳಲಿಲ್ಲ. ಕೆಳಗಿಳಿದು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಕಟ್ಟಡವನ್ನು ಸುತ್ತಿಕೊಂಡು ಮುಂದಿನ ಬಾಗಿಲಿನಿಂದ ಒಳಗೆ ಬಂದಳು. ಕಾವಲುಗಾರ, "ಏನಜ್ಜಿ, ಈ ಕಡೆ?" ಎಂದ. ಉತ್ತರ ಕೊಡದೆ ಆರನೇ ಕಿಟಕಿಯ ಸಾಲಿನಲ್ಲಿ ಕೊನೆಗೆ ನಿಂತಳು.

ಆರನೇ ಕಿಟಕಿ ಹುಟ್ಟು ಮತ್ತು ಸಾವಿನ ನೋಂದಣಿಗೆ. ಅವಳ ಮುಂದೆ ಹನ್ನೆರಡು ಜನ. ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಳು. ಈ ಸಾಲಿನ ಕಾಲುಗಳ ನಡುವೆ ಎಷ್ಟೋ ಸಲ ಮಾಪು ತಳ್ಳಿದ್ದಳು, ಆದರೆ ಸಾಲಿನಲ್ಲಿ ನಿಂತಾಗ ಮೊದಲ ಬಾರಿ ಜನರ ಪಾದಗಳ ಬದಲು ಕಿಟಕಿ ಕಂಡಿತು. ಅವಳ ಚೀಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳಿದ್ದವು. ವೀಸಾಕ್ಕೆಂದು ಮನೆಯಲ್ಲಿದ್ದ ಕಾಗದವನ್ನೆಲ್ಲ ಹೊತ್ತು ತಂದಿದ್ದಳು. ಅದರಲ್ಲಿ ಸ್ಮಶಾನದ ರಸೀದಿಯೂ ಇತ್ತು.

ಕಿಟಕಿಯಲ್ಲಿ ಕನ್ನಡಕದ ಗುಮಾಸ್ತೆ. "ಏನಮ್ಮ ನೀನಿಲ್ಲಿ? ಗುಡಿಸೋದಾದ್ರೆ ಆಮೇಲೆ ಬಾ."

"ಸಾವು ಬರೆಸ್ಬೇಕು ಮೇಡಂ."

"ಅಯ್ಯೋ. ಯಾರದ್ದು?"

"ನಮ್ಮತ್ತೆದು."

"ಯಾವಾಗ ತೀರಿಕೊಂಡ್ರು?"

"ಹನ್ನೊಂದು ವರ್ಷ ಆಯ್ತು."

ಗುಮಾಸ್ತೆ ಪೆನ್ನು ಕೆಳಗಿಟ್ಟಳು. ಅವಳಿಗೆ ಅರ್ಥವಾಗತೊಡಗಿತ್ತು. ದನಿ ತಗ್ಗಿಸಿದಳು. "ಇಷ್ಟು ತಡ ಆದ್ಮೇಲೆ ಕಷ್ಟಮ್ಮ. ಮೇಲೆ ಸಾಹೇಬರನ್ನ ಕೇಳಿ ಬಾ."

"ಕೇಳಿಯೇ ಬಂದಿದ್ದೀನಿ. ತಡ ಆದ್ರೂ ಅರ್ಜಿ ತಗೊಂಡು ನಂಬರ್ ಹಾಕಿ ಸ್ವೀಕೃತಿ ಕೊಡ್ಬೇಕು ಅಂತ ನಿಮ್ಮ ತಲೆ ಮೇಲೆ ಬೋರ್ಡಿದೆ. ಅದನ್ನ ವಾರಕ್ಕೆರಡು ಸಲ ಒರೆಸೋಳು ನಾನು. ಓದಿ ಹೇಳ್ಲಾ?"

ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ತಗೊಳ್ಳಿ ಮೇಡಂ, ಬೋರ್ಡಲ್ಲೇ ಇದೆಯಲ್ಲ" ಎಂದಳು. ಅವಳ ಹಿಂದಿನವನು, "ತಗೊಳ್ಳೋದಾದ್ರೆ ಬೇಗ ತಗೊಳ್ಳಿ, ನಮ್ಮದೂ ಇದೆ" ಎಂದು ಗೊಣಗಿದ. ಗುಮಾಸ್ತೆ ಒಮ್ಮೆ ಮೆಟ್ಟಿಲ ಕಡೆ ನೋಡಿದಳು. ಅವಳೇನೂ ಧೈರ್ಯಸ್ಥೆಯಲ್ಲ. ಆದರೆ ಇಪ್ಪತ್ತು ಜೋಡಿ ಕಣ್ಣು ಅವಳ ಮೇಲಿದ್ದವು. ಫಾರಂ ಎಳೆದುಕೊಂಡಳು.

"ಮೃತರ ಉದ್ಯೋಗ?"

"ಇದೇ ಕಚೇರೀಲಿ ಕಸ, ಕಕ್ಕಸು."

"ಸತ್ತ ಸ್ಥಳ?"

"ಇದೇ ಕಟ್ಟಡ. ಎರಡನೇ ಮಹಡಿ. ಸೂಪರಿಂಟೆಂಡೆಂಟ್ ಕೋಣೆ ಪಕ್ಕದ ಕಕ್ಕಸು."

ಗೊಣಗಿದವನು ಮುಂದೆ ಬಾಗಿ ಫಾರಂ ಕಡೆ ನೋಡಿದ.

"ಕಾರಣ?"

"ಆಸಿಡ್ ಹೊಗೆ. ಆಮೇಲೆ ಆಸ್ಪತ್ರೆಗೆ ಒಯ್ಯಲಿಲ್ಲ. ಅದನ್ನೂ ಬರೀರಿ."

"ಅಷ್ಟೆಲ್ಲ ಬರೆಯೋಕೆ ಜಾಗ ಇಲ್ಲಮ್ಮ."

"ಹೊಗೆ ಅಂತಾದ್ರೂ ಬರೀರಿ."

ಬರೆದಳು. ಗುಮಾಸ್ತೆ ಸ್ಮಶಾನದ ರಸೀದಿಯ ಪ್ರತಿ ತೆಗೆದುಕೊಂಡಳು. ದೊಡ್ಡ ರಿಜಿಸ್ಟರಿನಲ್ಲಿ ಅರ್ಜಿಯ ನಂಬರು, ಅತ್ತೆಯ ಹೆಸರು, ಸತ್ತ ತಾರೀಖು ಏರಿಸಿ ಪುಸ್ತಕವನ್ನು ಕಿಟಕಿಯ ಕಡೆ ತಿರುಗಿಸಿದಳು. ಜೊತೆಗೆ ಅಭ್ಯಾಸದ ಮೇಲೆ ಮಸಿಯ ಪ್ಯಾಡನ್ನೂ ಸರಿಸಿದಳು. ಸೊಸೆ ಪ್ಯಾಡನ್ನು ಪಕ್ಕಕ್ಕೆ ತಳ್ಳಿ ಪೆನ್ನು ಕೇಳಿದಳು. ಮಾಹಿತಿ ಕೊಟ್ಟವರು ಎಂಬಲ್ಲಿ ತನ್ನ ಹೆಸರು ಬರೆದಳು. ಸೀಳಿದ ಉಗುರಿನ ಬೆರಳಲ್ಲಿ ಪೆನ್ನು ಸರಿಯಾಗಿ ಕೂರಲಿಲ್ಲ, ಒಂದಕ್ಷರ ಸೊಟ್ಟಗಾಯಿತು. ಆದರೂ ಯಾರು ಓದಿದರೂ ಓದಬಹುದಿತ್ತು.

ಸ್ವೀಕೃತಿ ಚೀಟಿ ಕೈಗೆ ಬರುವುದಕ್ಕೂ ಸೂಪರಿಂಟೆಂಡೆಂಟ್ ಮೆಟ್ಟಿಲಿಳಿದು ಬರುವುದಕ್ಕೂ ಸರಿಹೋಯಿತು. ಯಾರೋ ಸುದ್ದಿ ಮುಟ್ಟಿಸಿದ್ದರು. ಅವನು ರಿಜಿಸ್ಟರ್ ನೋಡಿದ, ಗುಮಾಸ್ತೆಯನ್ನು ನೋಡಿದ. ಮಸಿ ಒಣಗಿತ್ತು. ಚೀಟಿ ಹಿಡಿದು ನಿಂತವಳನ್ನು ಕಂಬದ ಹತ್ತಿರ ಕರೆದ.

"ಏನ್ ಮಾಡಿದ್ದೀಯ ಗೊತ್ತಾ? ಆ ತಾರೀಖಾದ ಮೇಲಿನ ಪ್ರತಿ ಹಾಜರಿನೂ ಈಗ ಸುಳ್ಳಾಯ್ತು."

"ಮೊದಲೂ ಸುಳ್ಳೇ ಇತ್ತು ಸಾರ್. ಈಗ ಬರೆದಿಟ್ಟಿದೆ ಅಷ್ಟೇ."

"ಆ ಚೀಟಿ ಇಲ್ಲಿ ಕೊಡು. ತಪ್ಪು ಮಾಹಿತಿ ಕೊಟ್ಟೆ ಅಂತ ಒಂದು ಸಾಲು ಬರೆದುಕೊಡು. ಈಗಲೇ ನಿನಗೆ ಪತ್ರ ಮಾಡಿಸ್ತೀನಿ."

"ಪತ್ರ ಬೇಡ ಅಂತ ನಾನೆಲ್ಲಿ ಹೇಳ್ದೆ? ಮಾಡ್ಸಿ. ನಿಮ್ಮ ಕಾಲ್ ಬೇಕಾದ್ರೂ ಹಿಡೀತೀನಿ, ಮಾಡ್ಸಿ. ಈ ಹೆಂಗಸು ಹನ್ನೊಂದು ವರ್ಷ ಇಲ್ಲಿ ದುಡಿದಿದ್ದಾಳೆ ಅಂತ ನಿಜ ಬರೀರಿ. ಆದ್ರೆ ಸತ್ತವಳನ್ನ ಮತ್ತೆ ಎಬ್ಬಿಸಿ ಕಕ್ಕಸು ತೊಳೆಯೋಕೆ ಕಳಿಸು ಅಂದ್ರೆ ನನ್ನಿಂದ ಆಗಲ್ಲ."

ಅವನು ಬರೆಯಲಿಲ್ಲ. ಬರೆಯುವವನಾಗಿದ್ದರೆ ಒಂಬತ್ತು ವರ್ಷದಲ್ಲಿ ಯಾವತ್ತೋ ಬರೆಯುತ್ತಿದ್ದ. "ನಾಳೆಯಿಂದ ಈ ಕಟ್ಟಡದೊಳಗೆ ಕಾಲಿಟ್ರೆ ನೋಡು" ಎಂದಷ್ಟೇ ಹೇಳಿ ಮೇಲೆ ಹೋದ. ಅವಳು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದಳು.

ಎದುರಿನ ಬೀದಿಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಕಲ್ಲುಬೆಂಚು. ಅಲ್ಲಿ ಕೂತು ಫೋನು ಮಾಡಿದಳು. ನರ್ಸು ಮಗಳ ಕಿವಿಗೆ ಹಿಡಿದಳು.

"ಅಮ್ಮ, ಪೇಪರ್ ಆಯ್ತಾ?"

"ಒಂದಾಯ್ತು. ಒಂದಾಗ್ಲಿಲ್ಲ. ಶುಕ್ರವಾರ ನನ್ನಿಂದ ಆಗಲ್ಲ ಕಂದ. ಯಾವಾಗ ಆಗುತ್ತೋ ಅದೂ ಗೊತ್ತಿಲ್ಲ. ಕೆಲಸಾನೂ ಹೋಯ್ತು."

ಅವಳು ಎಲ್ಲವನ್ನೂ ಹೇಳಿದಳು. ಕುರ್ಚಿ ಹಾಕಿದ್ದು, ಓದಿದ್ದು, ಪತ್ರ ಹರಿದದ್ದು, ಸಾಲಿನಲ್ಲಿ ನಿಂತದ್ದು. ಹೇಳುತ್ತ ಹೇಳುತ್ತ ತಾನು ಮಗಳಿಗೆ ದ್ರೋಹ ಮಾಡಿದೆನೇ ಎನಿಸಿತು.

"ನಾನು ಒತ್ತಿದ್ರೆ ಬರಬಹುದಿತ್ತು ಮಗಳೇ. ಒತ್ತಲಿಲ್ಲ. ನನಗೆ ಬೈ. ನೀನು ಒಬ್ಬಳೇ ನೋವು ತಿಂತಾ ಮಲಗಿರುವಾಗ ಸೈನ್ ಹಾಕ್ಬೇಡ ಅಂತ ಹೇಳೋಕೆ ನನಗೆ ನಾಲಿಗೆ ಏಳ್ತಿಲ್ಲ. ತಡೆಯೋಕಾಗ್ದಿದ್ರೆ ಹಾಕಿಬಿಡು. ನಾನೇನೂ ಅಂದ್ಕೊಳ್ಳಲ್ಲ."

ಮಗಳು ಮೂಗು ಎಳೆದುಕೊಂಡಳು. ಅಳುತ್ತಿದ್ದಾಳೆಂದು ತಾಯಿಗೆ ಗೊತ್ತಾಯಿತು. ಆಮೇಲೆ ಮಗಳು ಕೇಳಿದಳು.

"ಅಜ್ಜಿ ಎಲ್ಲಿ ಸತ್ತಿದ್ದು ಅಂತ ಬರೆಸ್ದೆ?"

"ಎರಡನೇ ಮಹಡಿ ಕಕ್ಕಸು ಅಂತ."

"ಅವರು ಬರಕೊಂಡ್ರಾ?"

"ಬರಕೊಂಡ್ರು. ನಂಬರ್ ಕೊಟ್ಟಿದ್ದಾರೆ."

ಫೋನಿನಲ್ಲಿ ಏನೋ ಸರಿದ ಸದ್ದು. ಮಗಳು ಮೈ ಹೊರಳಿಸಲು ನೋಡಿ ನೋವಿಗೆ ಹಲ್ಲು ಕಚ್ಚಿದಳು. ಆಮೇಲೆ ಅವಳ ದನಿ ಫೋನಿನಿಂದ ಸ್ವಲ್ಪ ದೂರ ಹೋಯಿತು. ಅವಳು ಪಕ್ಕದಲ್ಲಿದ್ದ ನರ್ಸಿನೊಂದಿಗೆ ಮಾತಾಡುತ್ತಿದ್ದಳು.

"ಅಕ್ಕ, ಒಂದು ಹಾಳೆ ಇದ್ರೆ ತಗೊಳ್ಳಿ. ನಾನು ಹೇಳ್ತೀನಿ, ನೀವು ಈ ಊರಿನ ಭಾಷೇಲಿ ಬರೀರಿ. ನಾಲ್ಕನೇ ಮಹಡಿ. ಹೊರಗಿನ ಗಾಜು. ಹಾರಲಿಲ್ಲ, ಬಿದ್ದೆ. ಬರೀರಿ ಅಕ್ಕ, ಅದಕ್ಕೆ ಸೈನ್ ಹಾಕ್ತೀನಿ."